ಕಾಳು ಕಚ್ಚಿ ನೋಡುವವರ ಪೇಟೆ

ಗಂಗಾವತಿ ಕಡೆಯ ನೆಲ್ಲಿನ ವ್ಯಾಪಾರಿ ಬಂದ ಕೂಡಲೇ ದರ ಮಾತಾಡುವುದಿಲ್ಲ. ಮೊದಲು ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸುತ್ತಾನೆ. ಮೇಲಿನ ಭತ್ತ ಬಿಸಿಲಿಗೆ ಒಣಗಿ ಸುಳ್ಳು ಹೇಳಬಹುದು, ಒಳಗಿನದು ಹೇಳುವುದಿಲ್ಲ. ಒಂದು ಹಿಡಿ ತೆಗೆದು ಮೂಸುತ್ತಾನೆ. ಅಂಗೈಗಳ ನಡುವೆ ಉಜ್ಜಿ, ಹೊಟ್ಟು ಊದಿ, ಉಳಿದ ನಾಲ್ಕು ಕಾಳಿನಲ್ಲಿ ಒಂದನ್ನು ಮುಂಬಲ್ಲಿನಲ್ಲಿಟ್ಟು ಕಡಿಯುತ್ತಾನೆ. ಕಟ್ ಎಂದು ಮುರಿದರೆ ಒಂದು ದರ, ಹಲ್ಲಿಗೆ ಮೆತ್ತಗೆ ಬಗ್ಗಿದರೆ ಇನ್ನೊಂದು. ತೇವಾಂಶ ಅಳೆಯುವ ಮಿಷನ್ನು ದಲಾಲಿ ಅಂಗಡಿಯ ಮೇಜಿನ ಮೇಲೆ ಬಂದು ಕೂತು ವರ್ಷಗಳಾದವು. ಆದರೂ ಕಾಳು ಕಚ್ಚುವುದು ನಿಂತಿಲ್ಲ. ಮಿಷನ್ನು ಹೇಳುವುದು ಒಂದು ಅಂಕಿ ಮಾತ್ರ, ಹಲ್ಲಿಗೆ ಅದರ ಜೊತೆಗೆ ಇನ್ನೂ ನಾಲ್ಕು ಸಂಗತಿ ತಿಳಿಯುತ್ತದೆ.

ಅರ್ಥಶಾಸ್ತ್ರದ ಪುಸ್ತಕಗಳಲ್ಲಿ 'ಸರಕು' ಎಂಬ ಮಾತಿಗೆ ಒಂದು ಕಟ್ಟುನಿಟ್ಟಿನ ಅರ್ಥವಿದೆ. ನನ್ನ ಹತ್ತಿರ ಇರುವುದನ್ನು ಕೊಟ್ಟು ನಿಮ್ಮ ಹತ್ತಿರ ಇರುವ ಅಷ್ಟನ್ನೇ ತೆಗೆದುಕೊಂಡರೆ ಇಬ್ಬರಿಗೂ ಲಾಭ ನಷ್ಟ ಆಗಬಾರದು. ಆಗ ಅದು ಸರಕು. 24 ಕ್ಯಾರೆಟ್ಟಿನ ಹತ್ತು ಗ್ರಾಂ ಚಿನ್ನ ದುಬೈಯಲ್ಲೂ ಅದೇ, ದಾವಣಗೆರೆಯಲ್ಲೂ ಅದೇ. ತಾಮ್ರವೂ ಹಾಗೆ. ಗೋಧಿ ಕೂಡ ಹಿಟ್ಟಾಗುವ ಹೊತ್ತಿಗೆ ತನ್ನ ಊರು ಮರೆಯುತ್ತದೆ. ಅಕ್ಕಿ ಮಾತ್ರ ಮರೆಯುವುದಿಲ್ಲ. ಅದನ್ನು ನಾವು ಇಡೀ ಕಾಳಾಗಿಯೇ ತಿನ್ನುತ್ತೇವೆ. ಹಾಗಾಗಿ ಕಾಳಿನ ಉದ್ದ, ಬಣ್ಣ, ಮುರುಕು, ವಯಸ್ಸು, ಅಂಟು ಎಲ್ಲವೂ ತಟ್ಟೆಯವರೆಗೆ ಬರುತ್ತವೆ. ಅಕ್ಕಿಯ ವ್ಯಾಪಾರ ಚಿನ್ನ, ತಾಮ್ರಗಳ ವ್ಯಾಪಾರಕ್ಕಿಂತ ಬೇರೆ ದಾರಿ ಹಿಡಿದದ್ದು ಇಲ್ಲಿಂದ. ಅದರ ಬೆಲೆ ಒಮ್ಮೊಮ್ಮೆ ಹುಚ್ಚು ಹಿಡಿದಂತೆ ಕುಣಿಯುವುದಕ್ಕೂ ಬೇರು ಇಲ್ಲಿದೆ ಎಂಬುದು ನನ್ನ ವಾದ.

ತೇವದಿಂದಲೇ ಶುರು ಮಾಡೋಣ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಭತ್ತದ ದರ ಹೇಳುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ಯಂತ್ರದಿಂದ ಕಟಾವಾಗಿ ನೇರವಾಗಿ ಬಂದ ಹಸಿ ಭತ್ತದಲ್ಲಿ ಶೇ 22ರಷ್ಟು ನೀರಿದೆ ಎಂದುಕೊಳ್ಳಿ. ಹುಳ, ಬೂಷ್ಟು ಹಿಡಿಯದಂತೆ ತಿಂಗಳುಗಟ್ಟಲೆ ಇಡಬೇಕಾದರೆ ಅದು ಶೇ 14ಕ್ಕೆ ಇಳಿಯಬೇಕು. ಆ ಚೀಲದಲ್ಲಿ ನೀರು ಬಿಟ್ಟು ಉಳಿದ ಗಟ್ಟಿ ಪದಾರ್ಥ 58.5 ಕಿಲೋ. ಶೇ 14ರ ತೇವದಲ್ಲಿ ಅದರ ತೂಕ 68 ಕಿಲೋ. ಅಂದರೆ 7 ಕಿಲೋ ಗಾಳಿಗೆ ಹೋಯಿತು. 2025–26ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. 75 ಕಿಲೋಗೆ ಸುಮಾರು 1,777. ಒಣ ಭತ್ತಕ್ಕೆ ಆ ದರ ಕೊಡುವವನು ಹಸಿ ಭತ್ತಕ್ಕೆ 1,611ಕ್ಕಿಂತ ಹೆಚ್ಚು ಕೊಟ್ಟರೆ ನೀರು ಕೊಂಡಂತೆ. ಒಣಗಿಸುವ ಕೂಲಿ, ಜಾಗ, ಮಳೆ ಬಂದರೆ ಹೊದಿಸುವ ತಾಡಪಾಲು, ಇವುಗಳ ಲೆಕ್ಕ ಬೇರೆ. ಸರ್ಕಾರಿ ಖರೀದಿ ಕೇಂದ್ರದಲ್ಲಿ ತೇವದ ಮಿತಿ ಶೇ 17. ಅದಕ್ಕಿಂತ ಹಸಿ ಇದ್ದರೆ ಬೆಂಬಲ ಬೆಲೆ ಎಂಬುದು ಕಾಗದದ ಮೇಲಿನ ಮಾತು. ಒಣಗಿಸಲು ಕಣವೂ ಇಲ್ಲ, ಕಾಯಲು ಸಮಯವೂ ಇಲ್ಲ ಎನ್ನುವ ರೈತ ರಸ್ತೆಯ ಮೇಲೆ ಭತ್ತ ಹರವುವುದು ಯಾಕೆಂದು ಈ ಗುಣಾಕಾರ ಹೇಳುತ್ತದೆ.

ಹಾಗಾದರೆ ಗದ್ದೆಯಲ್ಲೇ ಚೆನ್ನಾಗಿ ಒಣಗಲು ಬಿಟ್ಟು ಕೊಯ್ದರಾಯಿತಲ್ಲ? ಆಗುವುದಿಲ್ಲ. ಅಕ್ಕಿ ಕಾಳಿನ ಬಹುಪಾಲು ಪಿಷ್ಟ. ಈ ಪಿಷ್ಟ ಗಾಜಿನಂತೆ ವರ್ತಿಸುತ್ತದೆ. ತಣ್ಣಗಿದ್ದು ಒಣಗಿದ್ದಾಗ ಗಡುಸು, ಬಿಸಿಯೂ ತೇವವೂ ಸೇರಿದರೆ ರಬ್ಬರಿನ ಹಾಗೆ ಮೆದು. ಗದ್ದೆಯಲ್ಲಿ ಅತಿಯಾಗಿ ಒಣಗಿದ ಕಾಳಿನ ಮೇಲೆ ರಾತ್ರಿ ಮಂಜು ಬಿದ್ದರೆ ಹೊರಪದರ ನೀರು ಕುಡಿದು ಉಬ್ಬುತ್ತದೆ, ಒಳತಿರುಳು ಇದ್ದಂತೆಯೇ ಇರುತ್ತದೆ. ಹೊರಗಿನದು ಹಿಗ್ಗುತ್ತಾ ಒಳಗಿನದನ್ನು ಎಳೆಯುತ್ತದೆ. ಎಳೆತ ತಾಳದೆ ಕಾಳಿನ ನಡುವೆ ಅಡ್ಡಲಾಗಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಯಂತ್ರದಲ್ಲಿ ಬಿಸಿಗಾಳಿ ಊದಿ ಅವಸರದಲ್ಲಿ ಒಣಗಿಸಿದರೂ ಇದೇ ಗತಿ, ದಿಕ್ಕು ಮಾತ್ರ ತಿರುವುಮುರುವು: ಹೊರಗೆ ಗಾಜು, ಒಳಗೆ ರಬ್ಬರು. ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದ ಸಂಶೋಧಕರು ಈ ಗಾಜು–ರಬ್ಬರು ಆಟವನ್ನು ವರ್ಷಗಳ ಕಾಲ ಅಳೆದಿದ್ದಾರೆ. ಒಮ್ಮೆ ಬಿಸಿಗಾಳಿ ಕೊಟ್ಟ ಮೇಲೆ ಕಾಳಿಗೆ ಕೆಲವು ಗಂಟೆ ವಿಶ್ರಾಂತಿ ಕೊಟ್ಟು, ಒಳಗಿನ ತೇವ ಹೊರಗೆ ಬಂದು ಸಮವಾದ ಮೇಲೆ ಮತ್ತೆ ಒಣಗಿಸಬೇಕು ಎಂಬುದು ಆ ಅಳತೆಗಳ ತಾತ್ಪರ್ಯ. ಬಿಸಿಲಿನಲ್ಲಿ ಹರವಿ, ಮಧ್ಯಾಹ್ನ ಗುಡ್ಡೆ ಮಾಡಿ, ಮರುದಿನ ಮತ್ತೆ ಹರವುತ್ತಿದ್ದ ನಮ್ಮ ಕಣದ ಪದ್ಧತಿಯಲ್ಲಿ ಆ ವಿಶ್ರಾಂತಿ ತಾನಾಗಿಯೇ ಸಿಗುತ್ತಿತ್ತು.

ಬಿರುಕು ಭತ್ತದಲ್ಲಿ ಕಾಣುವುದಿಲ್ಲ. ಕಾಣುವುದು ಗಿರಣಿಯಲ್ಲಿ. ನೂರು ಕಿಲೋ ಭತ್ತ ಒಳಗೆ ಹೋದರೆ ಸುಮಾರು 20 ಕಿಲೋ ಹೊಟ್ಟು, 8ರಿಂದ 10 ಕಿಲೋ ತೌಡು, ಉಳಿದದ್ದು ಅಕ್ಕಿ. ಸರ್ಕಾರಕ್ಕೆ ಭತ್ತ ಅರೆದು ಕೊಡುವ ಗಿರಣಿಗಳು ಕ್ವಿಂಟಲಿಗೆ 67 ಕಿಲೋ ಅಕ್ಕಿ ಒಪ್ಪಿಸಬೇಕು, ಕುಚ್ಚಲಕ್ಕಿಯಾದರೆ 68. ಆದರೆ ಅಕ್ಕಿ ಎಂದ ತಕ್ಷಣ ಎಲ್ಲವೂ ಅಕ್ಕಿಯಲ್ಲ. ಇಡೀ ಕಾಳು ಎಷ್ಟು, ನುಚ್ಚು ಎಷ್ಟು ಎಂಬುದರ ಮೇಲೆ ಗಿರಣಿಯವನ ವರ್ಷ ನಿಂತಿದೆ. ಒಂದೇ ಗದ್ದೆ, ಒಂದೇ ತಳಿ, ಒಂದೇ ತೂಕ. ನಾಲ್ಕು ದಿನ ತಡವಾಗಿ ಕೊಯ್ದ ಭತ್ತದಲ್ಲಿ ಇಡೀ ಅಕ್ಕಿ ಹತ್ತು ಕಿಲೋ ಕಡಿಮೆ ಬಂದರೆ ಆ ಹತ್ತು ಕಿಲೋ ಅನ್ನದ ದರದಿಂದ ಇಡ್ಲಿ ರವೆ, ಕೋಳಿ ಮೇವಿನ ದರಕ್ಕೆ ಜಾರುತ್ತದೆ. ವ್ಯಾಪಾರಿ ಕಾಳು ಕಚ್ಚಿದಾಗ ಅವನು ಹುಡುಕುತ್ತಿದ್ದದ್ದು ಬರೀ ನೀರನ್ನಲ್ಲ, ಈ ಬಿರುಕನ್ನು ಕೂಡ.

ಗಿರಣಿಯ ಲೆಕ್ಕ ನೋಡುವಾಗ ತೌಡನ್ನು ಮರೆಯಬಾರದು. ತೌಡಿನಲ್ಲಿ ಶೇ 15ರಿಂದ 20ರವರೆಗೆ ಎಣ್ಣೆ ಇರುತ್ತದೆ. ಕಾಳಿನ ಮೇಲೆ ಇರುವಷ್ಟು ಹೊತ್ತು ಆ ಎಣ್ಣೆ ಒಂದು ಕಡೆ, ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಇನ್ನೊಂದು ಕಡೆ. ಗಿರಣಿಯ ಕಲ್ಲು ಇವೆರಡನ್ನೂ ಬೆರೆಸಿಬಿಡುತ್ತದೆ. ಅರೆದ ಕೆಲವೇ ಗಂಟೆಗಳಲ್ಲಿ ಎಣ್ಣೆ ಹುಳಿಯತೊಡಗುತ್ತದೆ. ಹಾಗಾಗಿ ತೌಡಿನ ಲಾರಿ ಎಣ್ಣೆ ಕಾರ್ಖಾನೆಗೆ ಓಡುವ ವೇಗಕ್ಕೂ ಅಕ್ಕಿಯ ಬೆಲೆಗೂ ಸಂಬಂಧವಿದೆ: ತೌಡಿಗೆ ಒಳ್ಳೆಯ ದುಡ್ಡು ಬಂದರೆ ಗಿರಣಿಯವನು ಭತ್ತಕ್ಕೆ ನಾಲ್ಕು ರೂಪಾಯಿ ಹೆಚ್ಚು ಕೊಡಬಲ್ಲ. ಹೊಟ್ಟು ಬಾಯ್ಲರಿಗೆ ಹೋಗುತ್ತದೆ. ಎಣ್ಣೆ ತೆಗೆದ ಹಿಂಡಿ ಹಸುವಿಗೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಈ ಎಣ್ಣೆ ತೆಗೆದ ತೌಡಿನ ರಫ್ತನ್ನೂ ನಿಲ್ಲಿಸಿತು. ಕಾರಣ ಅಕ್ಕಿಯಲ್ಲ, ಪಶು ಆಹಾರದ ಬೆಲೆ ಮತ್ತು ಅದರ ಹಿಂದೆ ಏರುವ ಹಾಲಿನ ಬೆಲೆ.

ಬಿರುಕಿಗೆ ನಮ್ಮ ಕರಾವಳಿಯವರು ಹಳೆಯ ಕಾಲದಲ್ಲೇ ಮದ್ದು ಕಂಡುಕೊಂಡಿದ್ದರು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟಿದರೆ ಕುಚ್ಚಲಕ್ಕಿ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಪಿಷ್ಟದ ಹರಳುಗಳು ಕರಗಿ ಅಂಟಾಗುತ್ತವೆ. ಬಿರುಕುಗಳು ಬೆಸೆದುಕೊಳ್ಳುತ್ತವೆ. ಹೊರಪದರದ ಬಿ ಜೀವಸತ್ವಗಳು ಒಳಕ್ಕೆ ಇಳಿಯುತ್ತವೆ. ಮಳೆ ಬಿಡದ ಊರಿನಲ್ಲಿ ಕೊಯ್ಲಾದ ಭತ್ತಕ್ಕೆ ಇದಕ್ಕಿಂತ ಜಾಣ ಉಪಾಯ ಇನ್ನೊಂದಿಲ್ಲ. ಉಡುಪಿಯ ಮನೆಯ ಊಟಕ್ಕೂ ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಪೇಟೆಗೂ ಈ ಒಂದು ವಿಷಯದಲ್ಲಿ ರುಚಿ ಹೊಂದುತ್ತದೆ; ಭಾರತದಿಂದ ಆಫ್ರಿಕಾಕ್ಕೆ ಹೋಗುವ ಅಕ್ಕಿಯಲ್ಲಿ ಕುಚ್ಚಲಕ್ಕಿಯದು ದೊಡ್ಡ ಪಾಲು. ಅದೇ ಆಫ್ರಿಕಾದ ಸೆನೆಗಲ್‌ಗೆ ಹೋದರೆ ಕತೆ ಬೇರೆ. ಅಲ್ಲಿಯವರಿಗೆ ನುಚ್ಚೇ ಬೇಕು. ಫ್ರೆಂಚರು ತಮ್ಮ ಇಂಡೋಚೀನಾ ವಸಾಹತಿನಿಂದ ಅಗ್ಗದ ನುಚ್ಚು ತಂದು ಸುರಿದರು, ಜನ ಅದರಲ್ಲೇ ತಮ್ಮ ಮೀನಿನ ಅನ್ನ ಮಾಡಿಕೊಂಡರು, ಈಗ ಇಡೀ ಕಾಳು ಕೊಟ್ಟರೂ ಆ ರುಚಿ ಒಗ್ಗುವುದಿಲ್ಲ. ಒಬ್ಬರ ಕೋಳಿ ಮೇವು ಇನ್ನೊಬ್ಬರ ಹಬ್ಬದೂಟ.

ಹೆಸರಿನ ಗೊಂದಲವೂ ಸಣ್ಣದಲ್ಲ. ಸೋನಾ ಮಸೂರಿಯನ್ನು ಮೈಸೂರಿಗೆ ಗಂಟು ಹಾಕುವವರು ಬಹಳ. ಆ ಮಸೂರಿ ಮಲೇಷ್ಯಾದ್ದು. 1950ರ ದಶಕದಲ್ಲಿ ಒಡಿಶಾದ ಕಟಕ್‌ನಲ್ಲಿ ಇಂಡಿಕಾ ಮತ್ತು ಜಪಾನಿಕಾ ಜಾತಿಯ ಭತ್ತಗಳನ್ನು ಬೆರಕೆ ಮಾಡುವ ದೊಡ್ಡ ಯೋಜನೆ ನಡೆಯಿತು. ಅದರಿಂದ ಹುಟ್ಟಿದ ಒಂದು ತಳಿ ಮಲೇಷ್ಯಾದಲ್ಲಿ 'ಮಹ್ಸೂರಿ' ಎಂಬ ಹೆಸರಿನಲ್ಲಿ 1965ರಲ್ಲಿ ಹೊರಬಂತು. 'ಸೋನಾ' ಎಂಬ ಇನ್ನೊಂದು ತಳಿಯ ಜೊತೆ ಅದನ್ನು ಕೂಡಿಸಿ ಆಂಧ್ರದಲ್ಲಿ ಸೋನಾ ಮಸೂರಿ ಮಾಡಿದರು. ಇವತ್ತು ಚೀಲದ ಮೇಲೆ ಆ ಹೆಸರಿದ್ದರೂ ಒಳಗೆ ಬಾಪಟ್ಲದ ಬಿಪಿಟಿ 5204 ಅಥವಾ ತೆಲಂಗಾಣದ ಆರ್‌ಎನ್‌ಆರ್ 15048 ಇರುವುದು ಮಾಮೂಲು. ಇದನ್ನು ಮೋಸ ಎನ್ನುವವರಿದ್ದಾರೆ. ಪೇಟೆಯವರ ಮಟ್ಟಿಗೆ ಸೋನಾ ಮಸೂರಿ ಎಂದರೆ ಸಣ್ಣ ಕಾಳು, ಹಗುರ ಅನ್ನ, ಇಷ್ಟು ದರ ಎಂಬ ಒಪ್ಪಂದ. ಹೆಸರೇ ದರ್ಜೆಯಾಗಿಬಿಟ್ಟಿದೆ.

ಈ ನೂರಾರು ಬಗೆಯ ಅಕ್ಕಿಯನ್ನು ಒಂದೇ ಸರಕಾಗಿ ಮಾಡಬಹುದೇ ಎಂಬ ಪ್ರಶ್ನೆಗೆ ಮೊದಲ ದೊಡ್ಡ ಉತ್ತರ ಬಂದದ್ದು ಜಪಾನಿನ ಒಸಾಕಾದಿಂದ. ಹದಿನೇಳನೇ ಶತಮಾನದಲ್ಲಿ ಅಲ್ಲಿನ ಸಂಸ್ಥಾನಿಕರು ಕಂದಾಯವನ್ನು ಅಕ್ಕಿಯಲ್ಲೇ ಎತ್ತುತ್ತಿದ್ದರು, ಸಮುರಾಯಿ ಎಂಬ ಯೋಧರ ಸಂಬಳವೂ ಅಕ್ಕಿಯಲ್ಲೇ. ಮಿಕ್ಕ ಅಕ್ಕಿ ಒಸಾಕಾದ ಉಗ್ರಾಣಗಳಿಗೆ ಬಂದು ಹಣವಾಗಬೇಕಿತ್ತು. ಮೂಟೆ ಹೊತ್ತು ತಿರುಗುವ ಬದಲು ಉಗ್ರಾಣದವರು ಚೀಟಿ ಬರೆದುಕೊಡುತ್ತಿದ್ದರು: ಈ ಚೀಟಿ ತಂದವರಿಗೆ ಇಷ್ಟು ಅಕ್ಕಿ. ಚೀಟಿ ಕೈಯಿಂದ ಕೈಗೆ ದಾಟತೊಡಗಿತು. ಆಮೇಲೆ ಇನ್ನೂ ಬೆಳೆಯದ ಅಕ್ಕಿಗೂ ಚೀಟಿ ಹುಟ್ಟಿತು. ಈ ವ್ಯಾಪಾರಕ್ಕೆ ಮೊದಲು ಅಂಗಳ ಒದಗಿಸಿದ್ದ ಯೊದೊಯಾ ಎಂಬ ಸಾಹುಕಾರ ಮನೆತನದ ಆಸ್ತಿಯನ್ನು 1705ರಲ್ಲಿ ಶೋಗುನ್ ಎಂಬ ಸೇನಾಧಿಪತಿಯ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ವರ್ತಕರು ತಮ್ಮ ಅಂತಸ್ತು ಮೀರಿ ಬಾಳುತ್ತಿದ್ದಾರೆ ಎಂಬುದು ಆರೋಪ.

ಅದೇ ಸರ್ಕಾರ 25 ವರ್ಷಗಳ ನಂತರ ಚೀಟಿ ವ್ಯಾಪಾರಕ್ಕೆ ಮುದ್ರೆ ಒತ್ತಿತು. 1730ರಲ್ಲಿ ಎಂಟನೇ ಶೋಗುನ್ ತೊಕುಗಾವ ಯೊಶಿಮುನೆ ದೋಜಿಮಾ ಅಕ್ಕಿ ವಿನಿಮಯ ಕೇಂದ್ರಕ್ಕೆ ಅಧಿಕೃತ ಒಪ್ಪಿಗೆ ಕೊಟ್ಟ. ಕಾರಣ ಕುತೂಹಲದ್ದು. ಒಳ್ಳೆಯ ಬೆಳೆ ಬಂದು ಅಕ್ಕಿ ಅಗ್ಗವಾಗಿತ್ತು, ಬೇರೆಲ್ಲ ವಸ್ತು ತುಟ್ಟಿಯಾಗಿಯೇ ಇತ್ತು, ಅಕ್ಕಿಯಲ್ಲಿ ಸಂಬಳ ಪಡೆಯುವ ಸಮುರಾಯಿಗಳು ಬಡವಾಗುತ್ತಿದ್ದರು. ವ್ಯಾಪಾರ ಬಿರುಸಾದರೆ ಬೆಲೆ ಏರೀತು ಎಂದು ಅವನ ಎಣಿಕೆ. ಇಂದಿನ ಸರ್ಕಾರಗಳು ಅಕ್ಕಿ ಬೆಲೆ ಏರಿದರೆ ಸಟ್ಟಾ ವ್ಯಾಪಾರವನ್ನು ಬೈದು ನಿಲ್ಲಿಸುತ್ತವೆ. ಯೊಶಿಮುನೆ ಬೆಲೆ ಏರಲೆಂದೇ ಅದನ್ನು ತೆರೆದ.

ದೋಜಿಮಾದ ಜಾಣತನ ಇದ್ದದ್ದು ಒಂದು ಕಲ್ಪನೆಯಲ್ಲಿ. ಲೆಕ್ಕದ ಪುಸ್ತಕದಲ್ಲಿ ನಡೆಯುವ ವ್ಯಾಪಾರಕ್ಕೆ ಯಾವುದೋ ಒಂದು ಪ್ರಾಂತ್ಯದ ಅಕ್ಕಿಯನ್ನು ಮಾದರಿ ಎಂದು ಗೊತ್ತುಮಾಡುತ್ತಿದ್ದರು. ಎಲ್ಲರೂ ಆ ಮಾದರಿ ಅಕ್ಕಿಯನ್ನೇ ಕೊಳ್ಳುವುದು, ಮಾರುವುದು. ಅವಧಿ ಮುಗಿದಾಗ ಅಕ್ಕಿ ಅಳೆಯುವುದಿಲ್ಲ. ಏರಿಳಿತದ ವ್ಯತ್ಯಾಸವನ್ನು ಬೆಳ್ಳಿಯಲ್ಲಿ ತೀರಿಸುತ್ತಾರೆ. ಬೇರೆ ಊರಿನ ಅಕ್ಕಿ ಇದ್ದವರೂ ಈ ಪುಸ್ತಕದ ವ್ಯಾಪಾರದಿಂದ ತಮ್ಮ ನಷ್ಟಕ್ಕೆ ತಡೆ ಕಟ್ಟಿಕೊಳ್ಳಬಹುದಿತ್ತು. ದಿನದ ವ್ಯಾಪಾರದ ಕೊನೆಗೆ ಒಂದು ಬತ್ತಿಗೆ ಕಿಡಿ ಹಚ್ಚುತ್ತಿದ್ದರು, ಅದು ಉರಿದು ಆರಿದಾಗ ಇದ್ದ ದರವೇ ಆ ದಿನದ ದರ. ಆಮೇಲೂ ಜಾಗ ಬಿಡದೆ ಕೂಗಾಡುವವರ ಮೇಲೆ ನೀರು ಎರಚಿ ಓಡಿಸುತ್ತಿದ್ದರು. ಗುಡ್ಡದಿಂದ ಗುಡ್ಡಕ್ಕೆ ಬಾವುಟ ಬೀಸಿ ದರವನ್ನು ದೂರದ ಊರುಗಳಿಗೆ ಮುಟ್ಟಿಸುವವರೂ ಇದ್ದರು.

ಈಗ ಇದೇ ಕಲ್ಪನೆ ಶಿಕಾಗೋದಲ್ಲಿದೆ. ಅಲ್ಲಿನ ವಿನಿಮಯ ಕೇಂದ್ರದಲ್ಲಿ ವ್ಯಾಪಾರವಾಗುವುದು ಅಕ್ಕಿಯಲ್ಲ, ಅಮೆರಿಕದ ಉದ್ದ ಕಾಳಿನ ಭತ್ತ. ಒಂದು ಕರಾರು ಎಂದರೆ 2 ಲಕ್ಷ ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 91 ಟನ್. ಆ ಭತ್ತ ಅರೆದಾಗ ಒಟ್ಟು ಅಕ್ಕಿ ಶೇ 65ಕ್ಕೆ, ಅದರಲ್ಲಿ ಇಡೀ ಕಾಳು ಶೇ 48ಕ್ಕೆ ಕಡಿಮೆ ಇರಕೂಡದು ಎಂಬುದು ಕರಾರಿನ ಷರತ್ತು. ಗಂಗಾವತಿಯವನ ಹಲ್ಲು ಹೇಳುವುದನ್ನೇ ಇಲ್ಲಿ ವಕೀಲರು ಅಂಕಿಯಲ್ಲಿ ಬರೆದಿದ್ದಾರೆ.

ಇದರ ಉಪಯೋಗ ಏನು? ಅರ್ಕಾನ್ಸಾದ ರೈತ ಏಪ್ರಿಲ್‌ನಲ್ಲಿ ಬಿತ್ತುವಾಗಲೇ ಕೊಯ್ಲಿನ ಕಾಲದ ದರಕ್ಕೆ ಕರಾರು ಮಾರಿಡುತ್ತಾನೆ. ಸುಗ್ಗಿಯಲ್ಲಿ ಬೆಲೆ ಬಿದ್ದರೆ ಭತ್ತದಲ್ಲಿ ಕಳೆದುಕೊಂಡದ್ದು ಕರಾರಿನಲ್ಲಿ ಬರುತ್ತದೆ, ಏರಿದರೆ ಭತ್ತದಲ್ಲಿ ಬಂದದ್ದು ಕರಾರಿನಲ್ಲಿ ಹೋಗುತ್ತದೆ. ಅವನು ಕೊಳ್ಳುವುದು ನೆಮ್ಮದಿಯ ನಿದ್ದೆ. ಅವನ ಆತಂಕವನ್ನು ಕೊಂಡವನು ಸಟ್ಟಾ ವ್ಯಾಪಾರಿ. ಗೋಧಿ, ಸೋಯಾ, ಮೆಕ್ಕೆಜೋಳಗಳಲ್ಲಿ ಶಿಕಾಗೋದ ದರ ಜಗತ್ತಿಗೇ ದಾರಿ ತೋರುತ್ತದೆ. ಅಕ್ಕಿಯಲ್ಲಿ ಹಾಗಿಲ್ಲ. ಅಕ್ಕಿ ರಫ್ತುದಾರರು ನೋಡುವುದು ಬ್ಯಾಂಕಾಕ್, ಹೋ ಚಿ ಮಿನ್ ನಗರ, ಕಾಕಿನಾಡದ ದರಗಳನ್ನು. ಅವು ತೆರೆದ ಹರಾಜಿನಲ್ಲಿ ಹುಟ್ಟುವುದಿಲ್ಲ. ದಲ್ಲಾಳಿಗಳ ಫೋನು, ಸರ್ಕಾರಗಳ ಟೆಂಡರು, ರಫ್ತುದಾರರ ಸಂಘ ವಾರಕ್ಕೊಮ್ಮೆ ಹೊರಡಿಸುವ ಪಟ್ಟಿ, ಇವುಗಳಿಂದ ಹುಟ್ಟುತ್ತವೆ. 'ಶೇ 5 ನುಚ್ಚು', 'ಶೇ 25 ನುಚ್ಚು' ಎಂಬುದೇ ದರ್ಜೆಯ ಹೆಸರು. ಥಾಯ್ಲೆಂಡಿನ ಶೇ 5, ವಿಯೆಟ್ನಾಮಿನ ಶೇ 5, ಭಾರತದ ಶೇ 5 ಮೂರಕ್ಕೂ ಮೂರು ದರ.

ನಮ್ಮಲ್ಲಿ ಇಂಥ ಮುಂಗಡ ಕರಾರಿನ, ಅಂದರೆ ವಾಯಿದಾ ವ್ಯಾಪಾರದ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. 2007ರ ಆರಂಭದಲ್ಲಿ ಅಕ್ಕಿ ಮತ್ತು ಗೋಧಿಯ ವಾಯಿದಾ ನಿಂತಿತು. 2021ರ ಡಿಸೆಂಬರಿನಲ್ಲಿ ಮಾರುಕಟ್ಟೆ ನಿಯಂತ್ರಕ ಸೆಬಿ ಬಾಸ್ಮತಿಯಲ್ಲದ ಭತ್ತವೂ ಸೇರಿ ಏಳು ಸರಕುಗಳ ವಾಯಿದಾ ನಿಲ್ಲಿಸಿತು, ಅವಧಿ ಮುಗಿದಾಗಲೆಲ್ಲ ಮುಂದೂಡಿತು. ಹಾಗೆಂದು ತುಂಗಭದ್ರಾ ಬಯಲಿನ ರೈತನಿಗೆ ವಾಯಿದಾ ಗೊತ್ತಿಲ್ಲ ಎಂದುಕೊಳ್ಳಬೇಡಿ. ನಾಟಿ ಹೊತ್ತಿಗೆ ದಲಾಲಿ ಅಂಗಡಿಯಿಂದ ಗೊಬ್ಬರಕ್ಕೆ, ಕೂಲಿಗೆ ಮುಂಗಡ ತಂದು, ಕೊಯ್ಲಾದ ಮೇಲೆ ಅದೇ ಅಂಗಡಿಗೆ ಭತ್ತ ಹಾಕುವುದೂ ಒಂದು ಮುಂಗಡ ಕರಾರೇ. ಶಿಕಾಗೋದಲ್ಲಿ ಬೆಲೆ ಮೊದಲೇ ನಿಗದಿ, ಯಾರಿಗೆ ಮಾರಬೇಕೆಂಬುದು ಮುಕ್ತ. ಇಲ್ಲಿ ಯಾರಿಗೆ ಮಾರಬೇಕೆಂಬುದು ಮೊದಲೇ ನಿಗದಿ, ಬೆಲೆ ಮಾತ್ರ ಸುಗ್ಗಿಯ ದಿನಕ್ಕೆ ಬಿಟ್ಟದ್ದು. ಯಾವ ಅಪಾಯ ಯಾರ ತಲೆಗೆ ಎಂದು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಮಾರುಕಟ್ಟೆಯ ತೆಳುವಿನ ವಿಷಯ. ಜಗತ್ತಿನಲ್ಲಿ ವರ್ಷಕ್ಕೆ 50 ಕೋಟಿ ಟನ್ನಿಗೂ ಹೆಚ್ಚು ಅಕ್ಕಿ ಬೆಳೆಯುತ್ತದೆ. ಅದರಲ್ಲಿ ದೇಶದ ಗಡಿ ದಾಟುವುದು ಹತ್ತರಲ್ಲಿ ಒಂದು ಪಾಲು. ಗೋಧಿಯಲ್ಲಿ ಅದು ನಾಲ್ಕರಲ್ಲಿ ಒಂದು. ಅಕ್ಕಿ ಬೆಳೆದವರೇ ಅಕ್ಕಿ ಉಣ್ಣುತ್ತಾರೆ. ಅಕ್ಕಿ ಹಡಗು ಹತ್ತಿದ್ದು ಹೊಸದೇನಲ್ಲ. ಬಸ್ರೂರು, ಮಂಗಳೂರಿನ ಅಕ್ಕಿ ಬಾರದಿದ್ದರೆ ಪೋರ್ಚುಗೀಸರ ಗೋವೆಯ ಒಲೆ ಹೊತ್ತುತ್ತಿರಲಿಲ್ಲ, ಟಿಪ್ಪುವಿನ ಕಾಲದಲ್ಲಿ ಮಸ್ಕತ್ ಕೂಡ ಮಂಗಳೂರಿನ ಅಕ್ಕಿಗೆ ಕಾಯುತ್ತಿತ್ತು. ಆದರೆ ಉಂಡು ಮಿಕ್ಕದ್ದು ಮಾತ್ರ ಹಡಗಿಗೆ. ಉಣ್ಣುವುದು ಹೆಚ್ಚುಕಡಿಮೆ ಸ್ಥಿರ. ಬೆಳೆ ಶೇ 2 ಕಡಿಮೆಯಾದರೆ ಊಟ ಶೇ 2 ಕಡಿಮೆಯಾಗುವುದಿಲ್ಲ. ಮಿಕ್ಕುವುದು ಶೇ 20 ಕಡಿಮೆಯಾಗುತ್ತದೆ. ಮನೆ ಖರ್ಚು ಕಳೆದು ತಿಂಗಳಿಗೆ ಸಾವಿರ ಉಳಿಸುವವನಿಗೆ ಐನೂರರ ಔಷಧಿ ಬಿದ್ದರೆ ಸಂಬಳ ಹಾಗೇ ಇದ್ದರೂ ಉಳಿತಾಯ ಅರ್ಧವಾಗುವಂತೆ.

2008ರಲ್ಲಿ ಇದು ಹೇಗೆ ಕೆಲಸ ಮಾಡಿತೆಂದು ನೋಡಿ. ಆ ವರ್ಷ ಜಗತ್ತಿನ ಅಕ್ಕಿಯ ಬೆಳೆ ದಾಖಲೆಯದು. ಕೊರತೆ ಇರಲಿಲ್ಲ. ಗೋಧಿ ತುಟ್ಟಿಯಾಗಿತ್ತು, ಪಡಿತರಕ್ಕೆ ಅಕ್ಕಿ ಉಳಿಸಿಕೊಳ್ಳಲು ಭಾರತ 2007ರ ಅಕ್ಟೋಬರಿನಲ್ಲಿ ಬಾಸ್ಮತಿಯಲ್ಲದ ಅಕ್ಕಿಯ ರಫ್ತಿಗೆ ಕಡಿವಾಣ ಹಾಕಿತು, 2008ರ ಏಪ್ರಿಲ್‌ನಲ್ಲಿ ಪೂರ್ತಿ ನಿಲ್ಲಿಸಿತು. ವಿಯೆಟ್ನಾಂ ಹಿಂಬಾಲಿಸಿತು. ದೊಡ್ಡ ಆಮದುದಾರ ಫಿಲಿಪ್ಪೀನ್ಸ್ ಗಾಬರಿಯಿಂದ ಟೆಂಡರ್ ಮೇಲೆ ಟೆಂಡರ್ ಕರೆಯಿತು. ಜನವರಿಯಲ್ಲಿ ಟನ್ನಿಗೆ 400 ಡಾಲರಿನೊಳಗಿದ್ದ ಥಾಯ್ ಅಕ್ಕಿ ನಾಲ್ಕೇ ತಿಂಗಳಲ್ಲಿ ಸಾವಿರ ಡಾಲರ್ ದಾಟಿತು. ಮನೆಮನೆಯ ಗಾಬರಿಯನ್ನೂ ಒಂದಿಷ್ಟು ಲೆಕ್ಕ ಹಾಕಿ: ಏಷ್ಯಾದಲ್ಲಿ 50 ಕೋಟಿ ಕುಟುಂಬಗಳು ಇರಲಿ ಎಂದು ತಲಾ ಹತ್ತು ಕಿಲೋ ಹೆಚ್ಚಿಗೆ ತಂದಿಟ್ಟರೆ 50 ಲಕ್ಷ ಟನ್. ಆ ವರ್ಷಗಳಲ್ಲಿ ಇಡೀ ಜಗತ್ತಿನ ಅಕ್ಕಿ ವ್ಯಾಪಾರವೇ ಸುಮಾರು 3 ಕೋಟಿ ಟನ್. ಯಾರೂ ದುರಾಸೆ ಪಡಬೇಕಿಲ್ಲ, ಒಂದೊಂದು ಡಬ್ಬಿ ತುಂಬಿಸಿಕೊಂಡರೆ ಸಾಕು.

ಬೆಲೆ ಇಳಿದ ರೀತಿ ಇನ್ನೂ ಸ್ವಾರಸ್ಯದ್ದು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಕಾರಣಕ್ಕೆ ಜಪಾನ್ ಪ್ರತಿ ವರ್ಷ ಒಂದಿಷ್ಟು ವಿದೇಶಿ ಅಕ್ಕಿ ಕೊಳ್ಳಲೇಬೇಕು. ಅಲ್ಲಿಯವರು ಅದನ್ನು ಉಣ್ಣುವುದು ಕಡಿಮೆ. ಅಂಟಿಲ್ಲದ ಉದ್ದ ಕಾಳು ಅವರ ಕಡ್ಡಿಗೆ ಸಿಗುವುದಿಲ್ಲ. ಹೀಗೆ ಕೊಂಡ ವಿದೇಶಿ ಅಕ್ಕಿ 15 ಲಕ್ಷ ಟನ್ನಿನಷ್ಟು ಗೋದಾಮುಗಳಲ್ಲಿ ಕೂತಿತ್ತು. ಅದನ್ನು ಮರುರಫ್ತು ಮಾಡಲು ಅಮೆರಿಕ ತಕರಾರು ಮಾಡುವುದಿಲ್ಲ ಎಂಬ ಸುದ್ದಿ 2008ರ ಮೇ ತಿಂಗಳಲ್ಲಿ ಹರಡಿತು. ಆ ಅಕ್ಕಿ ಹಡಗು ಹತ್ತುವ ಮೊದಲೇ ಬೆಲೆ ಇಳಿಯತೊಡಗಿತು. ಕಟ್ಟಿಟ್ಟುಕೊಂಡವರು ಬಿಡತೊಡಗಿದರು. ಸುದ್ದಿ ಏರಿಸಿದ್ದ ಬೆಲೆಯನ್ನು ಸುದ್ದಿಯೇ ಇಳಿಸಿತು.

ಹದಿನೈದು ವರ್ಷದ ನಂತರ ಸುದ್ದಿ ನಮ್ಮವರ ಅಡುಗೆಮನೆಗೇ ಬಂತು. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಮರುದಿನದಿಂದಲೇ ಅಮೆರಿಕದ ಇಂಡಿಯನ್ ಸ್ಟೋರುಗಳ ಮುಂದೆ ಕನ್ನಡಿಗರು, ತೆಲುಗರು, ತಮಿಳರು ಸಾಲು ನಿಂತರು. ಕಾರಿನ ಡಿಕ್ಕಿಗೆ ಸೋನಾ ಮಸೂರಿಯ ಮೂಟೆ ಮೇಲೆ ಮೂಟೆ. ಕೆಲವು ಅಂಗಡಿಯವರು ಮನೆಗೆ ಒಂದೇ ಚೀಲ ಎಂದು ಬೋರ್ಡು ಹಾಕಿದರು. ಊರಲ್ಲಿ ಅಕ್ಕಿ ಇತ್ತು, ಸಮುದ್ರದ ಮೇಲೆ ಹಡಗುಗಳಲ್ಲೂ ಇತ್ತು. ಕೊರತೆ ಶುರುವಾದದ್ದು ವಾಟ್ಸ್ಆ್ಯಪಿನಲ್ಲಿ.

ನಿಷೇಧ ಮುಟ್ಟಿದ್ದು ಎಷ್ಟು ಅಕ್ಕಿಯನ್ನು? 2022ರಲ್ಲಿ ಭಾರತ ಒಟ್ಟು 2.2 ಕೋಟಿ ಟನ್ ರಫ್ತು ಮಾಡಿತ್ತು, ಜಗತ್ತಿನ ವ್ಯಾಪಾರದ ಶೇ 40. ಅದರಲ್ಲಿ ನಿಷೇಧಕ್ಕೆ ಸಿಕ್ಕ ಬಗೆ ಸುಮಾರು 1 ಕೋಟಿ ಟನ್. ಜಗತ್ತಿನ ಬೆಳೆಯ ಲೆಕ್ಕದಲ್ಲಿ ಶೇ 2 ಮಾತ್ರ. ವ್ಯಾಪಾರದ ಲೆಕ್ಕದಲ್ಲಿ ಐದರಲ್ಲಿ ಒಂದಕ್ಕೆ ಹತ್ತಿರ. ಎಲ್ ನಿನೊ ಬಂದಿತ್ತು, ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಯಿತು. ಆಗಸ್ಟ್ 25ರಂದು ಕುಚ್ಚಲಕ್ಕಿಗೂ ಶೇ 20 ರಫ್ತು ಸುಂಕ ಬಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಕ್ಕಿ ಬೆಲೆ ಸೂಚ್ಯಂಕ 15 ವರ್ಷದ ಎತ್ತರ ಮುಟ್ಟಿತು.

ಅದೇ 2023ರ ಜುಲೈಯಲ್ಲಿ ಕರ್ನಾಟಕದ ಹೊಸ ಸರ್ಕಾರ ಉಚಿತ ಅಕ್ಕಿಯ ಅನ್ನಭಾಗ್ಯ ಯೋಜನೆಯ ಹೆಚ್ಚುವರಿ ಐದು ಕಿಲೋ ಅಕ್ಕಿಗಾಗಿ ಪರದಾಡುತ್ತಿತ್ತು. ಭಾರತೀಯ ಆಹಾರ ನಿಗಮ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತ್ತು. ಅಕ್ಕಿ ಸಿಗದೆ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಿದರು. 2025ರ ಆರಂಭದಲ್ಲಿ ನೋಡಿ: ಅದೇ ನಿಗಮ, ಗೋದಾಮು ಉಕ್ಕಿ, ರಾಜ್ಯಗಳಿಗೆ ಕಿಲೋಗೆ 22.50ಕ್ಕೆ ಕೊಡಲು ಸಿದ್ಧವಾಗಿತ್ತು. ರಫ್ತು ನಿಷೇಧ 2024ರ ಸೆಪ್ಟೆಂಬರಿನಲ್ಲಿ ತೆರವಾಗಿತ್ತು, ಮಳೆ ಚೆನ್ನಾಗಿ ಬಂದಿತ್ತು. 2023ರಲ್ಲಿ 600 ಡಾಲರ್ ದಾಟಿದ್ದ ಥಾಯ್ ಅಕ್ಕಿ 2025ರಲ್ಲಿ 400ಕ್ಕಿಂತ ಕೆಳಗಿಳಿಯಿತು. ಹೆಚ್ಚು ಬೆಲೆಯ ಆಸೆಗೆ ಹೆಚ್ಚು ನೆಟ್ಟ ಥಾಯ್ಲೆಂಡಿನ ರೈತ ಅಗ್ಗದ ಬೆಲೆಗೆ ಮಾರಿದ.

ಜಗತ್ತೆಲ್ಲ ಹೀಗೆ ಇಳಿಯುವಾಗ ಒಂದು ದೇಶದಲ್ಲಿ ಮಾತ್ರ ಅಕ್ಕಿ ಬೆಂಕಿಯಾಗಿತ್ತು. ಜಪಾನಿನಲ್ಲಿ 2023ರ ಬೇಸಿಗೆ ವಿಪರೀತ ಬಿಸಿ. ಕಾಳು ಹಾಲುಗಟ್ಟುವ ಹೊತ್ತಿಗೆ ರಾತ್ರಿಯೂ ಸೆಕೆ ಇದ್ದರೆ ಪಿಷ್ಟ ಒತ್ತಾಗಿ ಕೂರುವುದಿಲ್ಲ, ನಡುವೆ ಗಾಳಿ ಉಳಿದು ಕಾಳು ಸುಣ್ಣದಂತೆ ಬಿಳಿಚುತ್ತದೆ, ಗಿರಣಿಯಲ್ಲಿ ಪುಡಿಯಾಗುತ್ತದೆ. ಗದ್ದೆಯ ಅಂಕಿ ಸರಿಯಾಗಿತ್ತು, ಅಂಗಡಿಗೆ ಬಂದ ಇಡೀ ಅಕ್ಕಿ ಕಡಿಮೆಯಿತ್ತು. 2024ರ ಆಗಸ್ಟಿನಲ್ಲಿ ದೊಡ್ಡ ಭೂಕಂಪದ ಮುನ್ನೆಚ್ಚರಿಕೆ ಬಂದು ಜನ ಅಕ್ಕಿ ಕಟ್ಟಿಟ್ಟುಕೊಂಡರು, ಸೂಪರ್‌ಮಾರ್ಕೆಟ್ಟಿನ ಅಕ್ಕಿಯ ಕಪಾಟು ಬರಿದಾಯಿತು. ಒಸಾಕಾದ ದೋಜಿಮಾ ವಿನಿಮಯ ಕೇಂದ್ರದಲ್ಲಿ ಅಕ್ಕಿಯ ವಾಯಿದಾ ಮತ್ತೆ ಶುರುವಾದದ್ದೂ ಅದೇ ತಿಂಗಳು, 13ನೇ ತಾರೀಖು. 2025ರ ವಸಂತದಲ್ಲಿ ಐದು ಕಿಲೋ ಅಕ್ಕಿ 4,000 ಯೆನ್ ದಾಟಿತು, ಹಿಂದಿನ ವರ್ಷದ ಎರಡರಷ್ಟು. ತಾನು ಅಕ್ಕಿ ಕೊಂಡದ್ದೇ ಇಲ್ಲ, ಬೆಂಬಲಿಗರು ಬೇಕಾದಷ್ಟು ಕೊಡುತ್ತಾರೆ ಎಂದು ಸಭೆಯಲ್ಲಿ ಹೇಳಿದ ಕೃಷಿ ಸಚಿವ ತಾಕು ಎತೊ ಮೇ ತಿಂಗಳಲ್ಲಿ ಕುರ್ಚಿ ಬಿಡಬೇಕಾಯಿತು.

ಅವರ ನಂತರ ಬಂದ ಸಚಿವರು ಸರ್ಕಾರಿ ದಾಸ್ತಾನಿನ ಅಕ್ಕಿಯನ್ನು ಅರ್ಧ ಬೆಲೆಗೆ ಬಿಡಿಸಿದರು. ಅದರಲ್ಲಿ 2021ರ ಬೆಳೆಯೂ ಇತ್ತು. ಜಪಾನಿ ಭಾಷೆಯಲ್ಲಿ ಅದಕ್ಕೆ ಕೊಕೊಕೊಮಾಯ್ ಎನ್ನುತ್ತಾರೆ: ಹಳೆಯ ಹಳೆಯ ಹಳೆಯ ಅಕ್ಕಿ. ಹೊಸ ಅಕ್ಕಿಯ ಅಂಟು, ಹೊಳಪು, ಪರಿಮಳ ಬಯಸುವವರಿಗೆ ಅದು ಗತಿಯಿಲ್ಲದವರ ಊಟ. ಜನ ಬೆಳಗಿನ ಜಾವದಿಂದ ಸಾಲು ನಿಂತು ಮುಖ ಸಣ್ಣದು ಮಾಡಿಕೊಂಡೇ ಕೊಂಡರು. ಅದೇ ದಿನಗಳಲ್ಲಿ ಬೆಂಗಳೂರಿನ ಅಕ್ಕಿ ಅಂಗಡಿಯಲ್ಲಿ ಹೊಸ ಸೋನಾ ಮಸೂರಿಗೆ ಒಂದು ದರ, ವರ್ಷ ದಾಟಿದ್ದಕ್ಕೆ ಅದರ ಮೇಲೆ ಇನ್ನಷ್ಟು. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಹಳೆಯದು ಅಗುಳು ಬಿಡಿಬಿಡಿಯಾಗಿ ಅರಳುತ್ತದೆ ಎಂದು ಗೊತ್ತಿರುವ ಗಿರಾಕಿ ಚೀಲದೊಳಗೆ ಕೈ ಹಾಕಿ, ಕಾಳು ಮೂಸಿ, ಅಂಗಡಿಯವನ ಮುಖ ನೋಡಿ ಕೇಳುತ್ತಿದ್ದದ್ದು ಒಂದೇ ಮಾತು: "ಹಳೇದೇ ತಾನೆ?"